ಭುಜದ ಮೇಲಿನ ಬೆರಳು

ಟಕ್ ಎಂದಿತಷ್ಟೆ, ಗುಂಡು ಹಾರಲಿಲ್ಲ. ಆದರೂ ರಿವಾಲ್ವರಿನ ಮೂತಿ ಕಾಳು ಹೆಕ್ಕುವ ಕೋಳಿಯಂತೆ ಕೆಳಗೆ ಕುಕ್ಕಿತು. ಹೆಂಡತಿ ಅದನ್ನು ಗುಂಡಿನ ತರಬೇತಿ ಕೋಣೆಯ ಮೇಜಿನ ಮೇಲಿಟ್ಟು, ಸದ್ದು ತಡೆಯುವ ಕಿವಿಮುಚ್ಚಳವನ್ನು ಕುತ್ತಿಗೆಗೆ ಇಳಿಸಿಕೊಂಡಳು.

"ನೋಡಿದ್ಯಾ? ಮತ್ತೆ ಹೆದರಿದೆ," ಎಂದ ಗಂಡ.

ನಿಜವಾದ ಗುಂಡುಗಳ ನಡುವೆ ಹಾರಿಸಿ ಮುಗಿದ ಖಾಲಿ ತೋಟಾಗಳನ್ನೂ ಸೇರಿಸಿ, ರಿವಾಲ್ವರಿನ ಗುಂಡು ತುಂಬುವ ಉರುಳೆಯನ್ನು ತಿರುಗಿಸಿ ಕೊಡುತ್ತಿದ್ದವನು ಅವನೇ. ಯಾವುದು ಯಾವಾಗ ಬರುತ್ತದೋ ಇಬ್ಬರಿಗೂ ಗೊತ್ತಿರುತ್ತಿರಲಿಲ್ಲ. ಸದ್ದಿಗೆ ಹೆದರಿ ಮೊದಲೇ ಕುಗ್ಗುವ ಕೈಯ ಕಳ್ಳತನ ನಿಜವಾದ ಗುಂಡಿನ ಒದೆತದಲ್ಲಿ ಮುಚ್ಚಿಹೋಗುತ್ತದೆ, ಹೊರಬೀಳುವುದು ಖಾಲಿ ತೋಟಾ ಬಂದಾಗಲೇ.

ಅವನು ಬ್ಯಾಂಕಿನ ಬಾಗಿಲಲ್ಲಿ ರಿವಾಲ್ವರ್ ಕಟ್ಟಿಕೊಂಡು ನಿಲ್ಲುತ್ತಿದ್ದ ಕಾವಲುಗಾರ. ಬಲಗಣ್ಣಿಗೆ ಮಂಜು ಕವಿದ ಮೇಲೆ ಆ ಕೆಲಸ ಹೋಯಿತು. ನಾಳಿನ ಗುಂಡು ಹೊಡೆಯುವ ಪರೀಕ್ಷೆಯಲ್ಲಿ ಹೆಂಡತಿ ಪಾಸಾದರೆ ಅದೇ ಜಾಗ ಅವಳಿಗೆ, ಇಲ್ಲವಾದರೆ ಕೆಲಸದ ಜೊತೆಗೆ ಬಂದ ಮನೆಯನ್ನೂ ಬಿಡಬೇಕು. ಬೆಳಗಿನಿಂದ ಅವನು ಬಾಲ ಸುಟ್ಟ ಬೆಕ್ಕಿನಂತೆ ಅಡ್ಡಾಡುತ್ತಿದ್ದ.

"ಮನೇಲಿ ಖಾಲಿ ರಿವಾಲ್ವರಿನ ನಳಿಗೆ ಮೇಲೆ ನಾಣ್ಯ ಇಟ್ಟು ಟ್ರಿಗರ್ ಎಳೆದಾಗ ಅದು ಬೀಳಲೇ ಇಲ್ಲ. ಇಲ್ಲಿ ಏನಾಗುತ್ತೆ ನಿಂಗೆ?"

"ಮನೇಲಿ ನೀವು ಕುರ್ಚಿ ಮೇಲೆ ಕೂತಿದ್ರಿ."

"ಕುಣಿಯಲಾರದವಳಿಗೆ ನೆಲ ಡೊಂಕಂತೆ."

ಮೂಲೆಯಲ್ಲಿ ನಿಂತಿದ್ದ ತರಬೇತಿ ಮೇಷ್ಟ್ರು ಕೆಮ್ಮಿದರು. ಗಂಡಹೆಂಡಿರ ಜಗಳಕ್ಕೆ ಕಿವಿಮುಚ್ಚಳ ಒಳ್ಳೆಯದೆಂದು ಅವರು ತಮ್ಮದನ್ನು ತೆಗೆದಿರಲೇ ಇಲ್ಲ.

ಟ್ರಿಗರನ್ನು ಎಷ್ಟು ನಿಧಾನವಾಗಿ ಎಳೆಯಬೇಕೆಂದು ತೋರಿಸಲು ಗಂಡ ಅವಳ ಹಿಂದೆ ನಿಂತು, ಭುಜದ ಮೇಲೆ ಬೆರಳಿಟ್ಟು, ಅದೇ ಹದದಲ್ಲಿ ಒತ್ತುತ್ತಾ ಹೋಗುತ್ತಿದ್ದ. ಅವನಿಗೆ ಕಲಿಸಿದವರೂ ಹಾಗೇ ಕಲಿಸಿದ್ದರು. ಈಗ ಮತ್ತೆ ಬೆರಳಿಡಲು ಬಂದಾಗ ಅವಳು ಭುಜ ಸರಿಸಿದಳು.

"ಬೇಡ ರೀ. ನಿಮ್ಮ ಬೆರಳೇ ಮೊದಲು ಬೆಚ್ಚುತ್ತೆ. ಅದು ಬೆಚ್ಚಿದ್ದಕ್ಕೆ ನನ್ನ ಕೈ ಬೆಚ್ಚುತ್ತೆ."

"ನನ್ನ ಬೆರಳಾ? ಇಷ್ಟು ವರ್ಷ ಗುಂಡು ಹೊಡೆದ ಬೆರಳು ಕಣೇ ಇದು!"

"ಗೊತ್ತು. ಆದ್ರೂ ನೀವು ಸ್ವಲ್ಪ ಹೊರಗಿರಿ."

ಅವನಿಗೆ ಮೈಯೆಲ್ಲ ಉರಿಯಿತು. ಕೆಲಸ ಹೋಯಿತು, ಕಣ್ಣು ಹೋಯಿತು, ಹೇಳಿಕೊಡುವುದೊಂದು ಉಳಿದಿತ್ತು. ಅದಕ್ಕೂ ಈಗ ಹೊರಗಿನ ದಾರಿ. ಗುಂಡು, ಖಾಲಿ ತೋಟಾ ಎರಡನ್ನೂ ಮೇಷ್ಟ್ರ ಕೈಗೆ ಸುರಿದು, ಬಾಗಿಲನ್ನು ಬೇಕೆಂದೇ ಜೋರಾಗಿ ಎಳೆದುಕೊಂಡು ಹೋದ.

ಹೊರಗೆ ಸಿಮೆಂಟಿನ ಓಣಿ, ಒಂದು ಬೆಂಚು. ಕೂತ, ಎದ್ದ, ಮತ್ತೆ ಕೂತ. ನಾಳೆ ಫೇಲಾಗಲಿ, ಆಗ ಗೊತ್ತಾಗುತ್ತದೆ ಎಂದುಕೊಂಡ. ಮರುಕ್ಷಣವೇ ಅಡುಗೆಮನೆಯ ಪಾತ್ರೆಗಳನ್ನು ಯಾವ ಪೆಟ್ಟಿಗೆಗೆ ತುಂಬುವುದೆಂದು ಯೋಚನೆ ಬಂತು.

ಒಳಗೆ ಗುಂಡು ಹಾರಿತು. ಸ್ವಲ್ಪ ಬಿಟ್ಟು ಇನ್ನೊಂದು. ಅವನು ಗೋಡೆಗೆ ಒರಗಿ ಮನಸ್ಸಿನಲ್ಲೇ ಅವಳ ಜೊತೆ ಟ್ರಿಗರ್ ಎಳೆಯತೊಡಗಿದ. ಉಸಿರು ಬಿಡು, ನಳಿಗೆ ತುದಿಯ ಗುರಿಮೊನೆ ನೋಡು, ಎಳಿ, ಎಳಿ... ಇನ್ನೇನು ಹಾರಬೇಕು ಎನ್ನುವಾಗ ಅವನ ಭುಜ ತಾನಾಗಿ ಕುಗ್ಗಿತು, ಬೆರಳು ಥಟ್ಟನೆ ಮಡಚಿಕೊಂಡಿತು.

ಸದ್ದು ಬರಲಿಲ್ಲ.

ಅವನು ತನ್ನ ಕೈಯನ್ನೇ ನೋಡುತ್ತ ನಿಂತ. ಓಣಿಯಲ್ಲಿ ಬೇರೆ ಯಾರೂ ಇರಲಿಲ್ಲ ಎನ್ನುವುದೇ ಸಮಾಧಾನ.

ಬಾಗಿಲು ತೆರೆದು ಮೇಷ್ಟ್ರು ತಲೆ ಹಾಕಿದರು. "ಖಾಲಿ ತೋಟಾ ಬಂತು ಕಣಯ್ಯಾ, ಅವಳ ಕೈ ಒಂದಿಷ್ಟೂ ಅಲುಗಲಿಲ್ಲ! ಬಾ, ನೀನೇ ನೋಡು."

"ಇಲ್ಲ ಮೇಷ್ಟ್ರೇ," ಎಂದ ಅವನು. "ನಾನು ಇಲ್ಲೇ ಇರ್ತೀನಿ. ಇನ್ನೊಂದು ಸಲ ಹೊಡೀಲಿ."

ಮೇಷ್ಟ್ರು ಒಳಗೆ ಹೋದ ಮೇಲೆ, ಸದ್ದಾಗದಂತೆ ಬಾಗಿಲನ್ನು ತಾನೇ ಮುಚ್ಚಿದ.