ಎರಡನೇ ಸಲದ ಪರೀಕ್ಷೆ

2024ರ ಜೂನ್ 11, ಮಂಗಳವಾರ, ಬೆಳಿಗ್ಗೆ ಎಂಟು ಗಂಟೆ. ಚಾಮರಾಜಪೇಟೆಯ ಲ್ಯಾಬಿನಲ್ಲಿ, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದವರು ಬಾಗಿಲವರೆಗೂ ನಿಂತಿದ್ದರು.

ಮೇಲ್ವಿಚಾರಕಿ ಗಿರಿಜಾಂಬಾ ವಿಶಾಖಾಳ ಟ್ರೇಯಿಂದ ರಕ್ತದ ಟ್ಯೂಬೊಂದನ್ನು ಎತ್ತಿ, ಎಲ್ಲರಿಗೂ ಕೇಳುವಂತೆ, ಎಂದಿನ ಅಕ್ಕರೆಯಲ್ಲೇ ಹೇಳಿದರು: "ವಿಶಾಖಾ, ಇದನ್ನ ಇನ್ನೊಂದ್ಸಲ ಮೆಷಿನ್‌ಗೆ ಹಾಕ್ಬಿಡು ಪುಟ್ಟಾ. ನಿನ್ ಒಳ್ಳೇದಕ್ಕೇ ಹೇಳ್ತಿರೋದು."

"ಮೇಡಂ, ಅದು ನಾನ್ ಮಾಡಿದ್ದು," ಎಂದ ಪಕ್ಕದ ಮೇಜಿನ ಬಸವಪ್ರಭು. "ಅವ್ರ ಟ್ರೇಲಿ ಇಟ್ಬಿಟ್ಟಿದ್ದೆ."

"ಓ, ನಿಂದಾ? ಹಾಗಿದ್ರೆ ಬಿಡು, ರಿಪೋರ್ಟ್ ಕಳ್ಸು."

ವಿಶಾಖಾಳ ಕೈ ನಿಂತಿತು. ಕೆಲಸಕ್ಕೆ ಸೇರಿದಂದಿನಿಂದ ತನ್ನ ಕೈಯಲ್ಲೇ ಏನೋ ದೋಷವಿದೆ ಎಂದುಕೊಂಡು ಅವಳು ಮನೆಯಲ್ಲೂ ಕಾಲೇಜಿನ ಪುಸ್ತಕ ತಿರುವುತ್ತಿದ್ದಳು. ಮೇಡಂ ದಿನವೂ ಅವಳಿಂದ ಮಾಡಿಸುತ್ತಿದ್ದ ಮರುಪರೀಕ್ಷೆಯಲ್ಲಿ ಒಮ್ಮೆಯೂ ತಪ್ಪು ಸಿಕ್ಕಿರಲಿಲ್ಲ. ಮೇಡಂ ನೋಡುತ್ತಿದ್ದದ್ದು ಟ್ರೇ ಯಾರದೆಂದು ಮಾತ್ರ ಎಂಬುದು ಈಗ ತಿಳಿಯಿತು.

ಯಾರಿಗೆ ಹೇಳುವುದು? ಹೇಳಿದರೆ, 'ಇನ್ನೊಂದ್ಸಲ ನೋಡು ಅಂದಿದ್ದಕ್ಕೂ ಬೇಜಾರಾ?' ಎನ್ನುತ್ತಾರೆ. ಅವಳ ಕೆಲಸ ಕಾಯಂ ಆಗಲು ಬರುವ ವಾರ ಸಹಿ ಹಾಕಬೇಕಾದವರೂ ಗಿರಿಜಾಂಬಾ ಅವರೇ.

ಮುಂದಿನ ಟ್ಯೂಬಿನ ಸಕ್ಕರೆ ಅಂಶ 112 ಎಂದು ಬಂತು. ಯಾರೂ ಹೇಳದಿದ್ದರೂ ಅವಳು ಅದನ್ನು ಮತ್ತೆ ಮೆಷಿನ್ನಿಗೆ ಹಾಕಿದಳು. ಎರಡನೇ ಸಲವೂ ಡೆಸಿಲೀಟರಿಗೆ 112 ಮಿಲಿಗ್ರಾಂ.