ಆಕಳಿಕೆ

ಮನೋಚಿಕಿತ್ಸಕಿ ರೋಸೆನ್‌ಫೆಲ್ಡ್ ಆಕಳಿಸಿದಳು. ಬಾಯಿಗೆ ಕೈ ಅಡ್ಡ ಹಿಡಿದಿದ್ದಳು, ಆದರೂ ಡೆಲ್ಫಿನಾ ನೋಡಿಬಿಟ್ಟಳು.

ಬ್ಯೂನಸ್ ಐರಿಸ್‌ನ ಬೊಯೆಡೊ ಬಡಾವಣೆಯಲ್ಲಿ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಇಟ್ಟಿದ್ದ ಡೆಲ್ಫಿನಾ, ನಿದ್ದೆ ಬರುವುದಿಲ್ಲವೆಂದು ಚಳಿಗಾಲದಿಂದ ಪ್ರತಿ ಮಂಗಳವಾರ ಇಲ್ಲಿಗೆ ಬರುತ್ತಿದ್ದಳು. ಇವತ್ತೂ ಅಕ್ಕ ಒರ್ತೆನ್ಸಿಯಾಳ ಮನೆಯ ಭಾನುವಾರದ ಊಟದ ವಿಷಯವನ್ನು ನಗುನಗುತ್ತ ಹೇಳುತ್ತಿದ್ದಳು. ನೆಂಟರೆದುರು ಅಕ್ಕ ಆಡುವ ಮಾತು ಒಂದೇ: “ನಮ್ಮ ಡೆಲ್ಫಿನಾ ಗಂಡನ ತಲೆ ಬಾಚಿ, ಚಂದ ಮಾಡಿ, ಪಕ್ಕದ್ಮನೆಯೋಳಿಗೆ ಕಳಿಸಿಕೊಟ್ಳು.” ಎಲ್ಲರೂ ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಡೆಲ್ಫಿನಾ.

“ನಿದ್ದೆ ಬರ್ತಿದ್ಯಾ ಮೇಡಂ?” ಎಂದಳು. ಆ ದನಿ ತನ್ನದೆಂದು ಅವಳಿಗೇ ಅನ್ನಿಸಲಿಲ್ಲ. “ದಿನವಿಡೀ ನಿಂತು ಕಾಲು ಊದಿಸ್ಕೊಂಡು, ಎರಡು ಬಸ್ ಹತ್ತಿ ಬರ್ತೀನಿ. ನನ್ನ ಬದುಕು ನಿಮಗೆ ಜೋಗುಳನಾ?”

ಹೇಳಿದ ಮೇಲೆ ಹೆದರಿದಳು. ಚೀಲ ಎತ್ತಿಕೊಂಡು ಎದ್ದಳು. ಚಿಕ್ಕಂದಿನಲ್ಲಿ ಸಿಟ್ಟು ಮಾಡಿದಾಗಲೆಲ್ಲ ಅವಳನ್ನು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದರು.

“ಆಕಳಿಸಿದ್ದು ನಿಜ. ತಪ್ಪು ನಂದೇ,” ಎಂದಳು ರೋಸೆನ್‌ಫೆಲ್ಡ್. “ನಿಮಗೆ ಸಿಟ್ಟು ಬಂದಿದ್ದು ನ್ಯಾಯ. ಕೂತ್ಕೊಂಡೇ ಬೈಯಿರಿ.”

ಡೆಲ್ಫಿನಾ ಕೂತಳು.

“ಈಗ ನಿಮ್ಮಕ್ಕನ ಮಾತು ಇನ್ನೊಮ್ಮೆ ಹೇಳಿ. ನಗಬೇಡಿ.”

ಅರ್ಧ ಹೇಳಿ ಚೀಲವನ್ನು ನೆಲಕ್ಕಿಟ್ಟಳು. ಆಮೇಲೆ ಬಂದದ್ದು ಅಳುವಲ್ಲ, ಬೈಗುಳ. ಅಕ್ಕನಿಗೆ, ಬಿಟ್ಟುಹೋದವನಿಗೆ, ಜೊತೆಗೆ ನಗುತ್ತಿದ್ದ ತನಗೆ. ರೋಸೆನ್‌ಫೆಲ್ಡ್ ತಡೆಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಹೊರಡುವಾಗ ಎಂದಿನಂತೆ, “ಮಂಗಳವಾರ ಬನ್ನಿ,” ಎಂದಳು.

ಭಾನುವಾರ ಬಿಸಿ ರವಿಯೋಲಿ ಕಡುಬು ಬಡಿಸುತ್ತ ಒರ್ತೆನ್ಸಿಯಾ ಮಗನ ಮದುವೆಯಿಂದಾದ ಹೊಸ ಬೀಗರ ಮುಂದೆ ಅದೇ ಮಾತು ತೆಗೆದಳು. ಬೀಗರು ನಕ್ಕರು.

“ಸಾಕು ಅಕ್ಕಾ,” ಎಂದಳು ಡೆಲ್ಫಿನಾ. “ನಿನ್ನ ಗಂಡ ಬಿಟ್ಟುಹೋಗಿದ್ದಿದ್ರೆ ನಾನು ನಿನ್ನ ಪಕ್ಕ ಕೂತಿರ್ತಿದ್ದೆ. ಅದನ್ನ ಊಟಕ್ಕೆ ಬಂದೋರಿಗೆಲ್ಲ ಬಡಿಸ್ತಿರ್ಲಿಲ್ಲ.”

“ತಮಾಷೆಗಂದ್ರೆ ಹಿಂಗಾಡ್ತೀಯಲ್ಲೇ. ಆ ಮೇಡಂ ಹೇಳಿಕೊಟ್ಳಾ?”

“ತಮಾಷೆ ನಿಂಗೆ. ಇನ್ನೊಂದ್ಸಲ ಅಂದ್ರೆ ನಾನು ಈ ಮನೆ ಮೆಟ್ಟಿಲು ಹತ್ತಲ್ಲ.”

ಒರ್ತೆನ್ಸಿಯಾ ಖಾಲಿ ಪಾತ್ರೆ ಹಿಡಿದು ಅಡುಗೆಮನೆಗೆ ಹೋದಳು. ಅಲ್ಲಿ ನಲ್ಲಿ ಬಹಳ ಹೊತ್ತು ಸುರಿಯಿತು. ಭಾವ, ತುರಿದ ಚೀಸ್ ಇದ್ದ ಬಟ್ಟಲನ್ನು ಮೆಲ್ಲಗೆ ಡೆಲ್ಫಿನಾಳತ್ತ ಸರಿಸಿದ. ಅವಳು ತಟ್ಟೆಯ ರವಿಯೋಲಿಯ ಮೇಲೆ ಬೇಕಾದಷ್ಟು ಉದುರಿಸಿಕೊಂಡು, ಆರುವ ಮೊದಲೇ ತಿನ್ನತೊಡಗಿದಳು.