ಅಂಗೈ ತಕ್ಕಡಿ

ಏಳನೇ ಡಬ್ಬಿ ಮತ್ತೆ ಬಿತ್ತು. ಅದೇ ತಿರುವು, ಅದೇ ಡಬ್ಬಿ. ಬೇಕರಿಯವನ ಎದೆ ಧಸಕ್ಕೆಂದಿತು.

ಆಟದ ಗೂಡ್ಸ್ ರೈಲಿಗೆ ಇಷ್ಟು ಹೆದರುವುದೇನು ಎಂದು ನೀವು ನಗಬಹುದು. ನಗಿ, ಬೇಡವೆಂದವರಾರು? ಆದರೆ ಬೀದಿಯವರೆಲ್ಲ ಈತನನ್ನು ‘ತಕ್ಕಡಿಯಣ್ಣ’ ಎಂದು ಕರೆಯುವುದು ಸುಮ್ಮನೆ ಅಲ್ಲ. ಮೂವತ್ತು ವರ್ಷ ಬ್ರೆಡ್ಡಿನ ಹಿಟ್ಟನ್ನು ಬಲಗೈಯಲ್ಲೇ ತೂಗಿ ಉಂಡೆ ಕಟ್ಟಿದವನು. ಒಂದು ಗ್ರಾಂ ಆಚೀಚೆ ಆದದ್ದಿಲ್ಲ. ಈ ಹನ್ನೆರಡು ಡಬ್ಬಿಗಳ ಹೊಟ್ಟೆಯೊಳಗೂ ಕಬ್ಬಿಣದ ನಟ್ಟು ಅಂಟಿಸಿ, ಅದೇ ಅಂಗೈಯಲ್ಲಿ ತೂಗಿ, ಎಲ್ಲವೂ ನೂರಹದಿನೈದು ಗ್ರಾಂ ಎಂದು ತೀರ್ಪು ಕೊಟ್ಟಿದ್ದ. ಹಗುರ ಡಬ್ಬಿಯೊಂದು ಭಾರದವುಗಳ ನಡುವೆ ಸಿಕ್ಕಿದರೆ ತಿರುವಿನಲ್ಲಿ ಎಳೆತ ತಾಳದೆ ಉರುಳುತ್ತದೆ. ಅದು ಅವನಿಗೆ ಗೊತ್ತಿರದ ವಿಷಯವೇ?

ಗೊತ್ತಿತ್ತು. ಅದಕ್ಕೇ ಹೆದರಿಕೆ. ಕಳೆದ ವಾರ ಗಿರಾಕಿಯೊಬ್ಬರು, “ಏನಣ್ಣ, ನಿನ್ನ ಬನ್ನಲ್ಲೂ ದೊಡ್ಡಣ್ಣ, ಚಿಕ್ಕ ತಮ್ಮ ಇದಾರಾ?” ಎಂದು ನಕ್ಕಿದ್ದರು. ಮೊನ್ನೆ ಬಿಸಿ ತಟ್ಟೆ ಮುಟ್ಟಿ ಬೆರಳಿಗೆ ಗುಳ್ಳೆ ಎದ್ದದ್ದು ಕಣ್ಣಿಗೆ ಬೀಳುವವರೆಗೂ ತಿಳಿದಿರಲಿಲ್ಲ. ಹೆಂಡತಿಗೆ ಒಂದನ್ನೂ ಹೇಳಿರಲಿಲ್ಲ.

“ಹಳೀದೇ ತಪ್ಪು,” ಎಂದ.

“ಹಳಿ ಏನು ಮಾಡ್ತು ಪಾಪ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎನ್ನುತ್ತ ಹೆಂಡತಿ ಅಂಗಡಿಯ ತಕ್ಕಡಿಯನ್ನು ತಂದು ಮೇಜಿನ ಮೇಲಿಟ್ಟಳು.

“ಅದ್ಯಾಕೆ ಈಗ? ತಗೊಂಡ್ಹೋಗು!”

ಅವಳು ಕೇಳಲಿಲ್ಲ. ಏಳನೇ ಡಬ್ಬಿ ಎಪ್ಪತ್ತೆರಡು ಗ್ರಾಂ. ಎಂಟನೆಯದು ನೂರನಲವತ್ತು. ಒಂದಕ್ಕೊಂದು ತಾಳಮೇಳವಿಲ್ಲ.

“ತಕ್ಕಡಿ ಕೆಟ್ಟಿರಬೇಕು ಕಣೆ.”

ಅವಳು ಮೂರನೇ ಡಬ್ಬಿಯನ್ನು ಅವನ ಎಡಗೈಯಲ್ಲಿಟ್ಟಳು. “ಈ ಕೈಯಲ್ಲಿ ನೋಡಿ ಹೇಳಿ.”

ಎಡಗೈ ಅಷ್ಟೇನೂ ಪಳಗಿದ್ದಲ್ಲ. “ತೊಂಬತ್ತು... ಒಂದು ಗ್ರಾಂ ಕಮ್ಮಿ ಇರಬಹುದು.”

ತಕ್ಕಡಿ ಎಂಬತ್ತೊಂಬತ್ತು ತೋರಿಸಿತು. ಇನ್ನೊಂದು ಡಬ್ಬಿ ಕೊಟ್ಟಳು, ಅದೂ ಸರಿಹೋಯಿತು. ಇನ್ನು ಹಳಿಯ ಮೇಲೆ, ತಕ್ಕಡಿಯ ಮೇಲೆ ಗೂಬೆ ಕೂರಿಸುವ ಹಾಗಿರಲಿಲ್ಲ.

“ಎಷ್ಟು ದಿನ ಆಯ್ತು ರೀ, ಬಲಗೈ ಹೀಗಾಗಿ?”

“ಎರಡು ತಿಂಗಳು. ಹೇಳೋಕೆ ಭಯ ಆಯ್ತು ಕಣೆ. ಈ ಕೈಯೇ ಹೋದ್ರೆ ನಾನ್ಯಾರು?”

“ನಾಳೆ ಬೆಳಿಗ್ಗೇನೇ ಡಾಕ್ಟ್ರ ಹತ್ರ ಹೋಗಿ. ಬೇಕರಿ ನಾನು ನೋಡ್ಕೋತೀನಿ,” ಎಂದು ಅವಳು ಪಕ್ಕದಲ್ಲಿ ಕೂತಳು.

ಅವನು ಬಹಳ ಹೊತ್ತು ಮೇಜಿನ ಮೇಲಿದ್ದ ಏಳನೇ ಡಬ್ಬಿಯನ್ನೇ ನೋಡುತ್ತಿದ್ದ. ಆಮೇಲೆ ಅದನ್ನೆತ್ತಲು ತಲೆ ಬಗ್ಗಿಸಿದ. ಅವಳು ಅವನ ಬಲಗೈಯನ್ನು ಗಟ್ಟಿಯಾಗಿ ಹಿಡಿದು ಕೂತಿದ್ದಳು. ಕಣ್ಣಿಗೆ ಬೀಳುವವರೆಗೂ ಅವನಿಗೆ ತಿಳಿದಿರಲಿಲ್ಲ.